ಕೂಗಿನ ನಡುವೆ ಹಾಡು

ಬೀಟಲ್ಸ್ ವೃಂದದ ಹಾಲಿವುಡ್ ಬೌಲ್ ಕಚೇರಿಯ ಧ್ವನಿಮುದ್ರಿಕೆಯಲ್ಲಿ ಮೊದಲು ಕಿವಿಗೆ ಬೀಳುವುದು ಹಾಡಲ್ಲ, ಕೂಗು. ಸಾವಿರಾರು ಎಳೆಯ ಕಂಠಗಳು ಒಂದಾಗಿ, ಉಸಿರಿಗೂ ಬಿಡುವು ಕೊಡದಂತೆ, ಅರ್ಧ ಗಂಟೆ ಚೀರುತ್ತವೆ. ಗಿಟಾರು, ಡ್ರಮ್ಮು, ಹಾಡುಗಾರರ ಕಂಠ ಎಲ್ಲವೂ, ಜಡಿಮಳೆಯ ಆಚೆ ನಿಂತು ಯಾರೋ ಮಾತನಾಡುವಂತೆ, ಈ ಚೀರಾಟದ ಹಿಂದಿನಿಂದ ಕೇಳಿಸುತ್ತವೆ. ಇದನ್ನು ಸಂಗೀತವೆನ್ನಬಹುದೆ ಎಂದು ಹಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಅದು. ಆದರೆ ಅದಕ್ಕೆ ಉತ್ತರವೂ ಈ ಮುದ್ರಿಕೆಯಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಲಿವರ್‌ಪೂಲಿನ ಈ ನಾಲ್ವರು ತರುಣರು ಲಾಸ್ ಏಂಜಲೀಸ್ ನಗರದ ಈ ಬಯಲು ರಂಗಮಂದಿರದಲ್ಲಿ 1964ರ ಆಗಸ್ಟ್ 23ರಂದು ಒಮ್ಮೆಯೂ, 1965ರ ಆಗಸ್ಟ್ 29 ಮತ್ತು 30ರಂದು ಎರಡು ಸಲವೂ ಹಾಡಿದರು. ಕ್ಯಾಪಿಟಲ್ ಕಂಪನಿ ಮೂರು ಕಚೇರಿಗಳನ್ನೂ ಮೂರು ಪಥಗಳ ಟೇಪಿಗೆ ಇಳಿಸಿತು; ಆದರೆ ಫಲ ತೃಪ್ತಿಕರವಲ್ಲವೆಂದು ಟೇಪುಗಳು ಮೂಲೆ ಸೇರಿದವು. ಬಹಳ ವರ್ಷಗಳ ಮೇಲೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವನ್ನು ಮತ್ತೆ ಕೈಗೆತ್ತಿಕೊಂಡರು. ಹಳೆಯ ಯಂತ್ರ ಬಹಳ ಬೇಗ ಕಾಯುತ್ತಿತ್ತು. ಅದಕ್ಕೆ ತಂಗಾಳಿ ಊದಲು ವ್ಯಾಕ್ಯೂಮ್ ಕ್ಲೀನರನ್ನು ಹೂಡಿ ಕೆಲಸ ನಡೆಸಿದರಂತೆ! 1977ರ ಮೇ ತಿಂಗಳಲ್ಲಿ ಹದಿಮೂರು ಹಾಡುಗಳ ಮುದ್ರಿಕೆ ಹೊರಬಂತು. 2016ರಲ್ಲಿ ಅವರ ಮಗ ಜೈಲ್ಸ್ ಮಾರ್ಟಿನ್ ಹೊಸ ತಂತ್ರದಿಂದ ಕೂಗನ್ನು ಹಿಂದಕ್ಕೆ ಸರಿಸಿ, ಇನ್ನೂ ನಾಲ್ಕು ಹಾಡು ಕೂಡಿಸಿ, ಅದನ್ನು ಮರಳಿ ಹೊರತಂದರು.

ನಮ್ಮ ಕಾವ್ಯಮೀಮಾಂಸೆ ಸಹೃದಯನಿಗೆ ಕೊಟ್ಟ ಸ್ಥಾನ ದೊಡ್ಡದು. ಕವಿಯ ಕೃತಿ ಅವನ ಹೃದಯದಲ್ಲಿ ಪೂರ್ಣವಾಗುತ್ತದೆ. ಹಾಗಾದರೆ ಹಾಡನ್ನೇ ಮುಳುಗಿಸುವಂತೆ ಚೀರುವ ಹುಡುಗಿಯನ್ನು ಏನೆಂದು ಕರೆಯೋಣ? ಅಂದಿನ ಹಿರಿಯರು ಉನ್ಮಾದವೆಂದು ಹೇಳಿ ಕೈತೊಳೆದುಕೊಂಡರು. ಆಕೆ ಕೇಳಲು ಬಂದವಳಲ್ಲ, ಕೂಗಲು ಬಂದವಳು ಎಂಬುದು ಅವರ ತೀರ್ಮಾನ.

ಮುದ್ರಿಕೆ ಬೇರೆಯೇ ಸಾಕ್ಷ್ಯ ಹೇಳುತ್ತದೆ. 'ಥಿಂಗ್ಸ್ ವಿ ಸೆಡ್ ಟುಡೇ' ಎಂಬ ಹಾಡನ್ನು ಗಮನಿಸಿ ಕೇಳಬೇಕು. ಪಾಲ್ ಮೆಕಾರ್ಟ್ನಿ ತುಸು ವಿಷಾದದ ಧಾಟಿಯಲ್ಲಿ ಆರಂಭಿಸುತ್ತಾರೆ. ಹಾಡು ನಡುವಿನ ಭಾಗಕ್ಕೆ ಹೊರಳಿ ತಾಳ ಬಿರುಸಾಗುತ್ತಲೇ ಕೂಗೂ ಏರುತ್ತದೆ. 'ಷಿ ಲವ್ಸ್ ಯೂ' ಹಾಡಿನಲ್ಲಿ ಗಾಯಕರು ಸ್ವರವನ್ನು ಒಟ್ಟಾಗಿ ಮೇಲಕ್ಕೆತ್ತುವ ಎಡೆಯಲ್ಲಿಯೂ ಹೀಗೆಯೇ. ಕೇಳದವರು ಹೀಗೆ ಹೊತ್ತರಿತು ಕೂಗಲಾರರು. ಅವರಿಗೆ ಹಾಡಿನ ಪ್ರತಿ ತಿರುವೂ ಮನೆಯ ತಟ್ಟೆಗಳಿಂದ ಬಾಯಿಪಾಠವಾಗಿತ್ತು. ಬಂದದ್ದು ತಿಳಿಯಲಿಕ್ಕಲ್ಲ, ಉತ್ತರ ಕೊಡಲಿಕ್ಕೆ.

ಕೇಳಿಸದೆ ಹೋದದ್ದು ನಿಜವಾಗಿ ವೇದಿಕೆಯ ಮೇಲಿದ್ದವರಿಗೆ. ಹಾಡುಗಾರರಿಗೆ ಅವರದೇ ದನಿಯನ್ನು ಮರಳಿ ಕೇಳಿಸುವ ಧ್ವನಿವರ್ಧಕಗಳು ಆಗ ವೇದಿಕೆಯಲ್ಲಿ ಇರಲಿಲ್ಲ. ಹಾಡು ಎಲ್ಲಿಗೆ ಬಂತೆಂಬುದನ್ನು ಮುಂದಿರುವ ಮೂವರ ಮೈಚಲನೆ ನೋಡಿ ಊಹಿಸುತ್ತಿದ್ದುದಾಗಿ ಡ್ರಮ್ ನುಡಿಸುತ್ತಿದ್ದ ರಿಂಗೋ ಸ್ಟಾರ್ ಮುಂದೆ ಹೇಳಿಕೊಂಡಿದ್ದಾರೆ. ಹೀಗಿದ್ದೂ ಈ ಮುದ್ರಿಕೆಯಲ್ಲಿ ತಾಳ ಕೆಡುವುದಿಲ್ಲ. ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ 1960ರಿಂದ 1962ರವರೆಗೆ ರಾತ್ರಿಗಟ್ಟಲೆ ನುಡಿಸಿ ಪಳಗಿದ ವೃಂದವಿದು ಎಂಬುದಕ್ಕೆ ಬೇರೆ ಪ್ರಮಾಣ ಬೇಡ. ಲಿಟಲ್ ರಿಚರ್ಡ್‌ರಿಂದ ಬಂದ 'ಲಾಂಗ್ ಟಾಲ್ ಸ್ಯಾಲಿ'ಯನ್ನು ಪಾಲ್ ಹಾಡುವ ಬಿರುಸು ಸ್ಟುಡಿಯೋದ ಗೋಡೆಗಳೊಳಗೆ ಹುಟ್ಟುವಂಥದಲ್ಲ. ಆ ಕೂಗೇ ಅದನ್ನು ಹೊರಗೆಳೆದದ್ದು. ಆದರೆ ಎಷ್ಟು ಕಾಲ ಹೀಗೆ ಕಿವುಡಾಗಿ ನುಡಿಸಿಯಾರು? 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಟಿಕೆಟ್ಟಿನ ಕಚೇರಿಗಳನ್ನೇ ನಿಲ್ಲಿಸಿ ಸ್ಟುಡಿಯೋ ಸೇರಿದರು. ಅವರನ್ನು ಹುರಿದುಂಬಿಸಿದ ಪ್ರೀತಿಯೇ ವೇದಿಕೆಯಿಂದ ಅವರನ್ನು ಇಳಿಸಿತು. ಅದಕ್ಕೆ ಇದ್ದ ಕಾರಣಗಳಲ್ಲಿ ಇದು ಸಣ್ಣದಲ್ಲ.

ಆದ್ದರಿಂದಲೇ 2016ರ ಪರಿಷ್ಕರಣ ನನ್ನನ್ನು ಅರೆಮನಸ್ಸಿನಲ್ಲಿ ನಿಲ್ಲಿಸುತ್ತದೆ. ಅದರಿಂದ ಲಾಭವಿದೆ. ಪಾಲ್‌ರ ಮಂದ್ರ ಗಿಟಾರು ಸ್ಪಷ್ಟವಾಗುತ್ತದೆ, ರಿಂಗೋರ ಪೆಟ್ಟಿಗೆ ತೂಕ ಬರುತ್ತದೆ, ವಾದಕರ ಕೌಶಲದ ಮೇಲಿನ ಸಂಶಯ ಹರಿಯುತ್ತದೆ. ಆದರೆ ಇದು ಅಲ್ಲಿ ಕುಳಿತ ಯಾರಿಗೂ, ನುಡಿಸಿದವರಿಗೂ, ಕೇಳಿಸಿರದ ಕಚೇರಿ. ಹೊಳೆಯಲ್ಲಿ ಈಜಿದವನ ಸಾಹಸ ಹೇಳುವಾಗ ಹೊಳೆಯನ್ನೇ ಬತ್ತಿಸಬಾರದು.

ಮೊದಲ ಮುದ್ರಿಕೆಯೇನೂ ನಿರ್ದೋಷವಲ್ಲ. ಎರಡು ವರ್ಷದ ಹಾಡುಗಳನ್ನು ಒಂದೇ ಸಂಜೆಯದೆಂಬಂತೆ ಹೊಲಿದಿದ್ದಾರೆ. 1965ರಲ್ಲಿ ಆರಂಭವಾದ ಕಚೇರಿ 1964ರಲ್ಲಿ ಮುಗಿಯುತ್ತದೆ! ಹಾಗಿದ್ದರೂ ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನು 1977ರದನ್ನೇ ಆರಿಸಿಕೊಳ್ಳುತ್ತೇನೆ. ಹೊಸ ಮುದ್ರಿಕೆಯಿಂದ ಹಾಡುಗಳ ಪರಿಚಯ ಮಾಡಿಕೊಂಡು ಅನಂತರ ಹಳೆಯದನ್ನು ಕೇಳುವುದು ರಸಿಕರಿಗೆ ಸುಲಭವಾದ ದಾರಿ. ಎರಡನೆಯ ಸಲ ಕೇಳುವಾಗ ಕೂಗು ಅಡ್ಡಿಯಾಗದು. ಹಾಡಿನ ತಿರುವುಗಳನ್ನು ಅದೇ ತೋರಿಸಿಕೊಡುತ್ತದೆ.