ಹೆಸರು ಅದೇ, ವಿಳಾಸ ಹೊಸದು

2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಲಿನಕ್ಸ್ ಗಣಕದಲ್ಲಿ ‘ಬಿಜಾಪುರ’ ಫೋಲ್ಡರಿಗೂ ಹೀಗೇ ಮರುನಾಮಕರಣ ಮಾಡಿದರೆ, ಅದಕ್ಕೆ ಜೋಡಿಸಿದ್ದ ಸಿಂಬಾಲಿಕ್ ಲಿಂಕುಗಳೆಲ್ಲ ಒಮ್ಮೆಲೇ ಮುರಿದುಬೀಳುತ್ತವೆ. ಲಿಂಕಿನೊಳಗೆ ಇರುವುದು ಕಡತವಲ್ಲ, ಬರೀ ಒಂದು ವಿಳಾಸ. ಊರು ಹೆಸರು ಬದಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ.

‘ಎಲ್‌ಎನ್’ ಆಜ್ಞೆಯಿಂದ ಒಂದೊಂದನ್ನೇ ಹೊಸದಾಗಿ ಕಟ್ಟಬಹುದು. ನೂರಾರು ಇದ್ದರೆ ಕೈ ಸೋಲುತ್ತದೆ. ಆಗ ನೆರವಿಗೆ ಬರುವುದು ಯುಟಿಲ್-ಲಿನಕ್ಸ್ ಕಟ್ಟಿನ ‘ರಿನೇಮ್’. ‘ಮೈನಸ್ ಎಸ್’ ಸೇರಿಸಿ ಹಳೆಯ ಪದ, ಹೊಸ ಪದ, ಯಾವ ಲಿಂಕುಗಳು ಎಂದಷ್ಟು ಹೇಳಿದರೆ ಸಾಕು. ಲಿಂಕುಗಳ ಹೆಸರು ಮುಟ್ಟದೆ ಒಳಗಿನ ವಿಳಾಸಗಳನ್ನು ಮಾತ್ರ ತಿದ್ದುತ್ತದೆ. ಹಳೆಯ ಪದ ಇಲ್ಲದ ಲಿಂಕುಗಳ ಗೊಡವೆಗೇ ಹೋಗುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ‘ಮೈನಸ್ ಎನ್’ ಮತ್ತು ‘ಮೈನಸ್ ವಿ’ ಜೋಡಿ: ಏನನ್ನೂ ಬದಲಿಸದೆ, ಏನು ಬದಲಾದೀತು ಎಂಬುದನ್ನು ಮೊದಲೇ ತೋರಿಸುತ್ತದೆ. ಇದನ್ನು ನೋಡದೆ ಮುಂದುವರಿಯಬಾರದು, ಏಕೆಂದರೆ ಆದದ್ದನ್ನು ಹಿಂದಕ್ಕೆ ತರುವ ಗುಂಡಿ ಇಲ್ಲಿಲ್ಲ. ಡೆಬಿಯನ್, ಉಬುಂಟು ಬಳಸುವವರು ಈ ಸಾಧನವನ್ನು ‘ರಿನೇಮ್ ಡಾಟ್ ಯುಎಲ್’ ಎಂದು ಕರೆಯಬೇಕು. ಅಲ್ಲಿ ಬರೀ ‘ರಿನೇಮ್’ ಎಂದರೆ ಪರ್ಲ್‌ನಲ್ಲಿ ಬರೆದ ಬೇರೆಯೇ ಸಾಧನ. ಒಂದೇ ಸಾಲಿನಲ್ಲಿ ಇಷ್ಟು ಕೆಲಸ ಮುಗಿಸುವ ಸಾಧನಕ್ಕೆ ಇನ್ನಷ್ಟು ಹೆಸರು ಬರಬೇಕಿತ್ತು.