ಕನಸುಗಳ ಬೇಟೆ

ಕೆನಡಾ ದೇಶದ ಮೆಟೀ ಜನಾಂಗದ ಲೇಖಕಿ ಚೆರೀ ಡಿಮಲೀನ್ ಅವರ 'ದಿ ಮ್ಯಾರೋ ಥೀವ್ಸ್' (2017) ತರುಣ ವಾಚಕರಿಗೆಂದು ರಚಿತವಾದ ಕಾದಂಬರಿಯಾದರೂ, ಅದರ ವಸ್ತುಗೌರವ ಪ್ರೌಢರನ್ನೂ ತಡೆದು ನಿಲ್ಲಿಸುವಂಥದು. ಪ್ರಕೃತಿ ವಿಕೋಪಗೊಂಡು, ಮನುಷ್ಯರು ಕನಸು ಕಾಣುವ ಶಕ್ತಿಯನ್ನೇ ಕಳೆದುಕೊಂಡು ಬುದ್ಧಿಭ್ರಮಣೆಗೆ ತುತ್ತಾಗುತ್ತಿರುವ ಕಾಲದಲ್ಲಿ, ಆದಿವಾಸಿಗಳ ಅಸ್ಥಿಮಜ್ಜೆಯಲ್ಲಿ ಮಾತ್ರ ಕನಸು ಉಳಿದಿದೆಯೆಂದು ತಿಳಿದ ಪ್ರಭುತ್ವವು ಅವರನ್ನು ಬೇಟೆಯಾಡಿ ಹಿಡಿದು 'ಶಾಲೆ'ಗಳಲ್ಲಿ ಕೂಡಿಹಾಕುತ್ತದೆ. ಆ ಬೇಟೆಯಿಂದ ತಪ್ಪಿಸಿಕೊಂಡು ಉತ್ತರದ ಕಾಡುಗಳತ್ತ ನಡೆಯುವ ಹುಡುಗ ಫ್ರೆಂಚೀ ಮತ್ತು ಅವನ ಸಂಗಡಿಗರ ಕಥೆಯಿದು. ಒಂದೂವರೆ ಲಕ್ಷಕ್ಕೂ ಮಿಕ್ಕ ಆದಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಅಗಲಿಸಿದ ಕೆನಡಾದ ವಸತಿಶಾಲೆಗಳು 1990ರ ದಶಕದವರೆಗೂ ನಡೆದವೆಂಬುದನ್ನು ನೆನೆದರೆ, ಲೇಖಕಿಗೆ ಕಲ್ಪಿಸಬೇಕಾದುದು ಬಹಳವೇನೂ ಇರಲಿಲ್ಲ.

ನಮ್ಮ ಸೀಮೆಗೂ ಇದು ದೂರದ ಮಾತಲ್ಲ. ಹರಣಶಿಕಾರಿ, ಕೊರವ, ಪಾರಧಿ ಮೊದಲಾದ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವುದಕ್ಕೆ ದಾರಿಮಾಡಿದ 1871ರ ಶಾಸನವು, 1911ರಲ್ಲಿ ಹೊಸ ರೂಪ ತಾಳಿದಾಗ, ಮಕ್ಕಳನ್ನು ತಾಯ್ತಂದೆಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿರಿಸುವ ಅಧಿಕಾರವನ್ನೂ ಸರಕಾರಕ್ಕೆ ಕೊಟ್ಟಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಈ ಸಮುದಾಯಗಳನ್ನು ಕೂಡಿಹಾಕುವ ಸೆಟ್ಲ್‌ಮೆಂಟುಗಳೆದ್ದವು. ಆ ಶಾಸನ ರದ್ದಾದುದು 1952ರಲ್ಲಿ, ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ.

ಕಾದಂಬರಿಯ ಪ್ರಾಣವಿರುವುದು ಮಿನರ್ವಾ ಎಂಬ ವೃದ್ಧೆಯಲ್ಲಿ. ಕಾಲೆಳೆಯುತ್ತ ನಡೆಯುವ, ಗುಂಪಿಗೆ ಭಾರವೆಂದು ತೋರುವ ಈ ಅಜ್ಜಿ, ಸೆರೆಸಿಕ್ಕಿ, ಮಜ್ಜೆಯಿಂದ ಕನಸನ್ನು ತೆಗೆಯುವ ಯಂತ್ರಕ್ಕೆ ಬಿಗಿಯಲ್ಪಟ್ಟಾಗ ತನ್ನ ಪೂರ್ವಜರ ಭಾಷೆಯಲ್ಲಿ ಹಾಡತೊಡಗುತ್ತಾಳೆ. ಆ ಹಾಡನ್ನು ಅರಗಿಸಿಕೊಳ್ಳಲಾರದೆ ಯಂತ್ರವೇ ಕುಸಿಯುತ್ತದೆ. 1857ರಲ್ಲಿ ಬ್ರಿಟಿಷರಿಗೆ ಆಯುಧವನ್ನೊಪ್ಪಿಸಲೊಲ್ಲದೆ ಮಡಿದ ಹಲಗಲಿಯ ಬೇಡರನ್ನು ಕುರಿತ ಲಾವಣಿಯನ್ನು ಬಲ್ಲ ನಮಗೆ ಹಾಡಿನ ಈ ಶಕ್ತಿ ಅಪರಿಚಿತವಲ್ಲ. ಆದರೆ ನಮ್ಮ ಲಾವಣಿ ಮಡಿದವರಿಗಾಗಿ ಮರುಗುವುದು, ಮಿನರ್ವಾಳ ಹಾಡಾದರೋ ಬದುಕಿರುವವರಿಗಾಗಿ ಹೋರಾಡುವುದು. ಇದೇ ಲೇಖಕಿಯ ಶ್ರೇಷ್ಠ ಸಾಧನೆ.

ದೋಷಗಳಿಲ್ಲವೆಂದಲ್ಲ. ಮಜ್ಜೆಯಿಂದ ಕನಸನ್ನು ತೆಗೆಯುವ ವಿಜ್ಞಾನ ತೀರ ತೆಳುವಾದುದು. ಬೇಟೆಗಾರರಿಗೆ ಮುಖವೇ ಇಲ್ಲ. ಸ್ವಜನರನ್ನೇ ಮಾರಲೆತ್ನಿಸುವ ಇಬ್ಬರು ಆದಿವಾಸಿಗಳ ಪ್ರಸಂಗವೊಂದರಲ್ಲಿ ಮಾತ್ರ ದುಷ್ಟತನಕ್ಕೆ ಮನುಷ್ಯನ ರೂಪ ದೊರೆತಿದೆ, ಮತ್ತು ಪುಸ್ತಕದ ಅತ್ಯಂತ ದಾರುಣವಾದ ಭಾಗವೂ ಅದೇ.

ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲಾಗಲಿ, ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ನಿಪ್ಪಾಣಿ, ಕಾಗವಾಡಗಳಲ್ಲಾಗಲಿ, ಮನೆಯಲ್ಲಿ ವಾಗ್ರಿ ಭಾಷೆಯನ್ನಾಡುವ ಹರಣಶಿಕಾರಿ ಬಾಲಕನಿಗೆ ಶಾಲೆಯ ಪುಸ್ತಕದಲ್ಲಿ ತನ್ನವರ ಮುಖ ಕಾಣದು. ಲಕ್ಷ್ಮಣ ಗಾಯಕವಾಡರ ಆತ್ಮಕಥೆ 'ಉಚಲ್ಯಾ' ಮರಾಠಿಯಲ್ಲಿ 1987ರಲ್ಲಿಯೇ ಲೇಖಕರ ಸ್ವಜನರ ಬದುಕನ್ನು ನುಡಿಯಿತು. ಹದಿನೈದರ ಹರೆಯದವರು ಓದಬಹುದಾದ ಅಂಥ ಕಥೆಯೊಂದನ್ನು, ಆ ಕೇರಿಗಳಲ್ಲಿ ಹುಟ್ಟಿ ಬೆಳೆದು ಇಂದು ಲೇಖನಿ ಹಿಡಿದಿರುವ ತರುಣ ತರುಣಿಯರೇ ಕನ್ನಡದಲ್ಲಿ ಬರೆಯಬೇಕು. ನಮ್ಮ ಪ್ರಕಾಶಕರು ಅದನ್ನು ಆದರದಿಂದ ಅಚ್ಚುಹಾಕಬೇಕು.