ಕವಿಶೈಲಕ್ಕೆ ಎಷ್ಟು ಮೆಟ್ಟಿಲು?

ಕೋಟದಲ್ಲಿ ಶಿವರಾಮ ಕಾರಂತರ ಹೆಸರಿನಲ್ಲಿ ಒಂದು ಥೀಮ್ ಪಾರ್ಕ್ ಇದೆ. ಸ್ಮಾರಕ ಅಂತಲೋ ಸಾಂಸ್ಕೃತಿಕ ಭವನ ಅಂತಲೋ ಹೆಸರಿಡಬಹುದಿತ್ತು, ಆದರೆ ಜನ ಕರೆಯೋದು ಕಾರಂತ ಥೀಮ್ ಪಾರ್ಕ್ ಅಂತಲೇ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಕಾರಂತರಿಗೇ ಇದನ್ನು ಹೇಳಿದ್ದರೆ ಏನನ್ನುತ್ತಿದ್ದರೋ ಅಂತಲೂ ಅನ್ನಿಸಿತ್ತು. ಈಗ ಯೋಚಿಸಿದರೆ ಆ ಹೆಸರು ಪರವಾಗಿಲ್ಲ. ಲೇಖಕನ ಊರನ್ನು ಪಾರ್ಕಿಂಗ್, ದಾರಿಫಲಕ, ಫೋಟೋ ತೆಗೆಯೋ ಜಾಗದ ಸಮೇತ ನೋಡುವ ಸ್ಥಳ ಮಾಡಿದ ಮೇಲೆ ಅದನ್ನು ಆ ಹೆಸರಿನಿಂದ ಕರೆದರೆ ತಪ್ಪೇನು?

ಕುಪ್ಪಳ್ಳಿಯನ್ನು ಮಾತ್ರ ಯಾರೂ ಹಾಗೆ ಕರೆಯಲ್ಲ. ಕರೆದರೆ ಜಗಳಕ್ಕೇ ಬರ್ತಾರೆ. ಅದು ಪುಣ್ಯಕ್ಷೇತ್ರ, ಹೋಗೋದಕ್ಕೆ 'ಯಾತ್ರೆ' ಅಂತಾರೆ. ಆದರೆ ನಾವು ಅಲ್ಲಿ ಮಾಡೋದೇನು? ಬೆಂಗಳೂರಿಂದ ರಾತ್ರಿ ಹೊರಟು, ತೀರ್ಥಹಳ್ಳಿಯಲ್ಲಿ ತಿಂಡಿ ತಿಂದು, ಕೊಪ್ಪದ ರಸ್ತೆ ಹಿಡಿದು ಸುಮಾರು ಹದಿನೆಂಟು ಕಿಲೋಮೀಟರ್ ಹೋಗಿ, ಕವಿಮನೆ ಒಂದು ರೌಂಡು, ಕವಿಶೈಲಕ್ಕೆ ಒಂದು ಹತ್ತು, ಕಲ್ಲಿನ ಕಂಬಗಳ ಕೆಳಗೆ ಫೋಟೋ, ಸಂಜೆ ಆಗುಂಬೆಯ ಸೂರ್ಯಾಸ್ತ. ಇದನ್ನು ನಾನೂ ಕಾಲೇಜಿನಲ್ಲಿದ್ದಾಗ ಮಾಡಿದೀನಿ, ಮಜಾ ಬಂದಿತ್ತು. ಅದರ ಬಗ್ಗೆ ತಕರಾರಿಲ್ಲ. ತಕರಾರಿರೋದು ಕುಪ್ಪಳ್ಳಿಯನ್ನು ನಾವು ಬರೆಯುವ ರೀತಿ ಬಗ್ಗೆ.

ನಿಜವಾದ ಥೀಮ್ ಪಾರ್ಕುಗಳಲ್ಲಿ ಒಂದು ಒಳ್ಳೇ ಪದ್ಧತಿ ಇದೆ. ದೊಡ್ಡ ರೈಡುಗಳ ಮುಂದೆ ಬೋರ್ಡ್ ಇರುತ್ತೆ: ಎತ್ತರ ಇಷ್ಟಿರಬೇಕು, ಗರ್ಭಿಣಿಯರು ಬೇಡ, ಹೃದಯದ ತೊಂದರೆ ಇರೋರು ಬೇಡ, ಇತ್ತೀಚೆಗೆ ಆಪರೇಷನ್ ಆದವರು ಬೇಡ. ಬಂದವರಿಗೆ ಒಂದು ಮೈ ಇದೆ, ಆ ಮೈ ಎಲ್ಲರದ್ದೂ ಒಂದೇ ಥರ ಇರಲ್ಲ ಅನ್ನೋದು ಅವರಿಗೆ ಗೊತ್ತು. ಗೊತ್ತಿರೋದು ಕೇಸು ಬೀಳುತ್ತೆ ಅನ್ನೋ ಭಯದಿಂದಲೇ ಇರಬಹುದು, ಇರಲಿ. ಸಾಹಿತ್ಯದ ಸ್ಥಳಗಳ ಬಗ್ಗೆ ಬರೆಯೋರಿಗೆ ಆ ಭಯವೂ ಇಲ್ಲ. ಹೋಗೋ ಮುಂಚೆ ಕುಪ್ಪಳ್ಳಿ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 'ಪ್ರಕೃತಿಯ ಮಡಿಲು' ಸಿಕ್ತು, 'ಕರ್ನಾಟಕದ ಸ್ಟೋನ್‌ಹೆಂಜ್' ಸಿಕ್ತು, 'ಮೌನವೇ ಮಾತಾಡುವ ತಾಣ' ಮೂರು ಕಡೆ ಸಿಕ್ತು. ಕವಿಶೈಲಕ್ಕೆ ಎಷ್ಟು ಮೆಟ್ಟಿಲು, ಮಧ್ಯೆ ಕೂರೋಕೆ ಜಾಗ ಇದೆಯಾ, ಮನೆಯೊಳಗಿನ ಮಹಡಿ ಮೆಟ್ಟಿಲು ಎಷ್ಟು ಕಡಿದು? ನಾನು ಓದಿದ ಒಂದರಲ್ಲೂ ಈ ಉತ್ತರ ಇರಲಿಲ್ಲ.

ನನಗೆ ಅದು ಬೇಕಿತ್ತು. ಜುಲೈನಲ್ಲಿ ಮುರಿದ ಎಡಗಾಲಿನ ಕಣಕಾಲಿಗೆ ಪ್ಲೇಟು, ಸ್ಕ್ರೂ ಹಾಕಿ, ಎರಡು ಊರುಗೋಲಿನಿಂದ ಒಂದು ಕೋಲಿಗೆ ಬಂದಿದ್ದೇ ಸೆಪ್ಟೆಂಬರ್ ಕೊನೆಗೆ. ಅಕ್ಟೋಬರಿನಲ್ಲಿ ತಂಗಿ, ಅವಳ ಗಂಡ ಹೊರಟಾಗ ನಾನೂ ಬರ್ತೀನಿ ಅಂದೆ. ಫಿಸಿಯೋ ಹೇಳಿಕೊಟ್ಟ ಮಂತ್ರ ಬಾಯಿಪಾಠ ಆಗಿತ್ತು: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕೋಲು ಯಾವಾಗಲೂ ನೋವಿಲ್ಲದ ಕಡೆಯ ಕೈಯಲ್ಲಿ. ಕಾಲು ಮುರಿಯದವರಿಗೆ ಒಂದು ಮಾಹಿತಿ, ಹತ್ತೋದಕ್ಕಿಂತ ಇಳಿಯೋದೇ ಕಷ್ಟ.

ಕವಿಮನೆ ಮೂರಂತಸ್ತಿನ ಮಲೆನಾಡು ಮನೆ. ಮುಂದೆ ಅಂಗಳ, ಆಮೇಲೆ ಜಗಲಿ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳು. ಕುವೆಂಪು ಹುಟ್ಟಿದ್ದು ಇಲ್ಲಲ್ಲ, ಕೊಪ್ಪದ ಕಡೆಯ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ಕ್ಕೆ. ಬೆಳೆದಿದ್ದು ಈ ಮನೆಯಲ್ಲಿ. ಈಗ ಇದು ವಸ್ತುಸಂಗ್ರಹಾಲಯ. ಅಡುಗೆಮನೆಯ ಪಾತ್ರೆಪಗಡಿ, ಬೇಸಾಯದ ಸಾಮಾನು, ಅವರ ಮದುವೆಯ ಮಂಟಪ, ಪುಸ್ತಕ, ಫೋಟೋ. ಜೋಡಿಸಿರುವ ಕ್ರಮದಲ್ಲೇ ಒಂದು ಕಥೆ ಇದೆ. ಕೆಳಗೆ ಕುಟುಂಬ ಮತ್ತು ದುಡಿಮೆ, ಮೇಲೆ ಓದು ಮತ್ತು ಕವಿ. ಮನೆಯ ಹೊರಗೆ ಇನ್ನೂ ಮೇಲೆ ಹೋದರೆ ಕವಿಶೈಲ, ಅಲ್ಲಿ ದರ್ಶನ. ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೋದ ಹಾಗೆ ಹುಡುಗ ಪುಟ್ಟಪ್ಪ ರಾಷ್ಟ್ರಕವಿ ಆಗ್ತಾನೆ. ಎರಡೂ ಕಾಲು ಗಟ್ಟಿ ಇದ್ದಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ, ಯಾಕಂದ್ರೆ ಆಗ ನಾನೂ ಆ ಕಥೆಯ ಜೊತೆಗೇ ಓಡಿ ಹತ್ತಿದ್ದೆ.

ಈ ಸಲ ಒಂದು ಉಪ್ಪರಿಗೆ ಮಾತ್ರ ಹತ್ತಿದೆ. ಹಳೇ ಮನೆಯ ಮರದ ಮೆಟ್ಟಿಲು ಏಣಿಗೆ ಹತ್ತಿರದ ಸಂಬಂಧಿ. ಇಳಿಯುವಾಗ ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಮೆಟ್ಟಿಲಿಗೆ ಕೂತು ಕೂತು ಇಳಿದೆ. ಅಷ್ಟಕ್ಕೇ ಕಾಲು ಊದಿತ್ತು. "ಅಕ್ಕಾ, ನೀನು ಇಲ್ಲೇ ಕೂತಿರು, ನಾವು ಮೇಲೆ ಹೋಗಿ ಬರ್ತೀವಿ" ಅಂತ ತಂಗಿ ಜಗಲಿಯ ಅಂಚಿನಲ್ಲಿ ಕೂರಿಸಿ ಹೊರಟಳು. ಅಲ್ಲಿದ್ದ ಹಿರಿಯರೊಬ್ಬರು ಕೋಲು ನೋಡಿ, "ಕಾಲಿಗೆ ಎಂತ ಆಯ್ತು ಮಾರಾಯ್ರೆ?" ಅಂತ ಕೇಳಿ, ಗಾಡಿಯಲ್ಲೂ ಮೇಲೆ ಹೋಗ್ಲಿಕ್ಕೆ ಆಗ್ತದೆ, ಬೇಕಾದ್ರೆ ಹೇಳಿ ಅಂದರು. ಕಾಲಿಗೆ ಆವತ್ತಿನ ಲೆಕ್ಕ ಮುಗಿದಿತ್ತು. ನೋಡಿ, ನೂರಾರು ಜನ ಪೋಸ್ಟ್ ಹಾಕಿದ್ರೂ ಸಿಗದ ಮಾಹಿತಿ ಜಗಲಿ ಮೇಲೆ ಎರಡು ನಿಮಿಷಕ್ಕೆ ಸಿಕ್ತು.

ಸುಮಾರು ಒಂದೂವರೆ ಗಂಟೆ ಅಲ್ಲಿ ಕೂತಿದ್ದೆ. ಮುಂದೆ ಅಂಗಳ. ಕೂತಲ್ಲಿಂದ ನೆನಪಾಗ್ತಿದ್ದದ್ದು ಪೂರ್ತಿ 'ಮಲೆಗಳಲ್ಲಿ ಮದುಮಗಳು'. 1967ರ ಆ ದಪ್ಪ ಕಾದಂಬರಿ ಶುರುವಾಗೋದೇ ನಡಿಗೆಯಿಂದ. ಗುತ್ತಿ, ಹಿಂದೆ ಮುಂದೆ ಅವನ ನಾಯಿ ಹುಲಿಯ, ಕಾಡಿನ ದಾರಿ. ಗುತ್ತಿ ಸಿಂಬಾವಿ ಹೆಗ್ಗಡೆಯವರ ಜೀತದಾಳು, ಹೊಲೆಯರವನು. ಅವನಿಗೆ ದಾರಿ ಇದೆ, ಹೆಗ್ಗಡೆ ಮನೆಗಳ ಅಂಗಳವಿದೆ, ಒಳಗೆ ಪ್ರವೇಶ ಇಲ್ಲ. ಆ ಕಾದಂಬರಿಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಅನ್ನೋದು ಪುಟಪುಟದಲ್ಲೂ ಇದೆ: ಅಂಗಳ ಯಾರಿಗೆ, ಜಗಲಿ ಯಾರಿಗೆ, ಒಳಮನೆ ಯಾರಿಗೆ. ಜೊತೆಗೆ ಮೈ ಇದೆ. ದಣಿವು, ಹಸಿವು, ಮಳೆ, ಇಂಬಳ, ಕೆಸರು, ಕತ್ತಲಾಗೋದರೊಳಗೆ ಎಷ್ಟು ದೂರ ಹೋಗಬಹುದು ಅನ್ನೋ ಲೆಕ್ಕ. ಕುವೆಂಪು ದಾರಿಯನ್ನು 'ರಮಣೀಯ' ಅಂತ ಹೇಳಿ ಕೈತೊಳೆದುಕೊಳ್ಳಲ್ಲ. ಆ ದಾರಿ ನಡೆಯೋ ಕಾಲು ಯಾರದ್ದು, ಅವನು ಯಾಕೆ ನಡೀತಿದಾನೆ ಅಂತಲೂ ಹೇಳ್ತಾರೆ.

ನಾವು ಟಿಕೆಟ್ ತಗೊಂಡು ನೋಡೋದು ಇದರಲ್ಲಿ ಹೆಗ್ಗಡೆ ಮನೆಯ ಭಾಗ ಮಾತ್ರ. ಉಳಿದಿರೋದು ಮರದ ಕಂಬದ ದೊಡ್ಡ ಮನೆ. ಗುತ್ತಿಯಂಥವರ ಕೇರಿಯ ಗುಡಿಸಲು ಮಣ್ಣು, ಹುಲ್ಲು. ಅದು ಉಳಿಯೋದೂ ಇಲ್ಲ, ಉಳಿಸೋಕೆ ಸುಲಭವೂ ಅಲ್ಲ. ಇದು ಕುಪ್ಪಳ್ಳಿಯದ್ದೊಂದೇ ಸಮಸ್ಯೆ ಅಲ್ಲ, ಮನೆಗಳನ್ನು ಮ್ಯೂಸಿಯಂ ಮಾಡಿರುವ ಎಲ್ಲ ಕಡೆಯದ್ದು. ಆದರೆ ಇಲ್ಲಿ ಅದು ಹೆಚ್ಚು ಚುಚ್ಚುತ್ತೆ, ಯಾಕಂದ್ರೆ ಈ ಮನೆಯ ಲೇಖಕನೇ ತನ್ನ ದೊಡ್ಡ ಕಾದಂಬರಿಯನ್ನು ಒಳಮನೆಯಿಂದ ಶುರುಮಾಡಲಿಲ್ಲ, ಉಪ್ಪರಿಗೆಯಿಂದಲೂ ಅಲ್ಲ. ದಾರಿಯಲ್ಲಿ ಶುರು ಮಾಡಿ, ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ತನಕ ತಂದರು. (ಸ್ಪಾಯ್ಲರ್ ಅಂತ ಬೈಬೇಡಿ, ಅರ್ಧ ಶತಮಾನ ದಾಟಿದ ಪುಸ್ತಕ.)

ಒಂದು ಮಾತು ಸ್ಪಷ್ಟ ಮಾಡಬೇಕು. ಕೆಲವು ತಿಂಗಳಿಗೆ ಕಾಲು ಮುರಿದ ಐಟಿ ಕೆಲಸದವಳು ಜಗಲಿಯಲ್ಲಿ ಕೂರೋದಕ್ಕೂ, ಹುಟ್ಟಿನ ಕಾರಣಕ್ಕೆ ಜೀವನಪೂರ್ತಿ ಅಂಗಳದಲ್ಲಿ ನಿಲ್ಲೋದಕ್ಕೂ ಹೋಲಿಕೆ ಇಲ್ಲ. ನನ್ನನ್ನು ಯಾರೂ ತಡೆದಿರಲಿಲ್ಲ, ಜನವರಿಗೆ ನಾನು ಮತ್ತೆ ಮೆಟ್ಟಿಲು ಹತ್ತುತ್ತೀನಿ. ಆದರೆ ಎಲ್ಲರೂ ಮೇಲೆ ಹೋದ ಮೇಲೆ ಕೆಳಗೆ ಉಳಿದವರಿಗೆ ಏನು ಕಾಣುತ್ತೆ ಅನ್ನೋ ಪ್ರಶ್ನೆ ಮಾತ್ರ ನನಗೆ ಅಲ್ಲೇ ಬಂತು.

ಇದನ್ನು ಸರಿಯಾಗಿ ಹಿಡಿದವರು ರಂಗಭೂಮಿಯವರು. ಸಿ. ಬಸವಲಿಂಗಯ್ಯ ನಿರ್ದೇಶನದ 'ಮಲೆಗಳಲ್ಲಿ ಮದುಮಗಳು' ನಾಟಕ 2010ರಲ್ಲಿ ಮೈಸೂರು ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ರಾತ್ರಿಯಿಡೀ ಒಂಬತ್ತು ಗಂಟೆ ನಡೀತು. ರಂಗಸ್ಥಳ ಒಂದಲ್ಲ, ಹಲವು. ಪ್ರೇಕ್ಷಕರೂ ಎದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯಬೇಕು. ಅಲ್ಲಿ ಗುತ್ತಿಯ ದಾರಿಯೇ ನಾಟಕ, ನೋಡೋರ ಕಾಲೂ ಅದರ ಭಾಗ. ಕಾಲು ನೋವಿರೋರಿಗೆ ಅದೂ ಕಷ್ಟವೇ, ನಾನು ಕಲಾಗ್ರಾಮದಲ್ಲಿ ನೋಡಿದಾಗ ಬೆಳಗಿನ ಜಾವ ಅರ್ಧ ಜನ ಚಾಪೆ ಹಾಸಿ ಮಲಗಿದ್ರು. ಆದರೂ ನಮ್ಮ ನಡಿಗೆಯನ್ನು ಕಾದಂಬರಿಯ ನಡಿಗೆಗೆ ಕಟ್ಟಿದ್ದು ಅವರ ಜಾಣತನ. ಕುಪ್ಪಳ್ಳಿಯಲ್ಲಿ ಆ ದಾರಿಗಳೇ ಇವೆ, ನಾವು ಅದರ ಮೇಲೆ ಕಾರು ಓಡಿಸಿಕೊಂಡು ಬಂದು ಪಾರ್ಕಿಂಗಿನಿಂದ ನೋಡೋಕೆ ಶುರು ಮಾಡ್ತೀವಿ.

ಇನ್ನು ಕವಿಶೈಲ. ಆ ಕಲ್ಲುಗಳನ್ನು ನಾನು ಬೈಯಲ್ಲ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ ಅದು, ನಮ್ಮಲ್ಲಿ ದೊಡ್ಡವರ ಸ್ಮಾರಕ ಅಂದ್ರೆ ಬಣ್ಣ ಹೊಡೆದ ಪ್ರತಿಮೆ, ಮೇಲೊಂದು ಕಾಂಕ್ರೀಟ್ ಕೊಡೆ ಅನ್ನೋ ಕಾಲದಲ್ಲಿ ಬರೀ ಕಲ್ಲು ನಿಲ್ಲಿಸೋ ಧೈರ್ಯ ಮಾಡಿದ್ದೇ ದೊಡ್ಡದು. 1994ರ ನವೆಂಬರಿನಲ್ಲಿ ಕುವೆಂಪು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದಿದ್ದೂ ಅಲ್ಲೇ. ಹಳೇ ಬಂಡೆಯ ಮೇಲೆ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹೆಸರುಗಳಿವೆ. ಇವತ್ತು ನಾವು ಕೆತ್ತಿದ್ರೆ ಫೈನ್ ಹಾಕ್ತಾರೆ, ಅದು ಬೇರೆ ವಿಷಯ. ತೊಂದರೆ ಏನಂದ್ರೆ ಆ ಕಲ್ಲುಗಳು ಮೊಬೈಲಿಗೆ ತುಂಬಾ ಚೆನ್ನಾಗಿ ಬರ್ತವೆ. ಬರ್ತಾ ಬರ್ತಾ ಕುಪ್ಪಳ್ಳಿ ಅಂದ್ರೆ ಆ ಒಂದು ಚಿತ್ರ ಆಗಿದೆ. ತಂಗಿ ವಾಪಸ್ ಬಂದಾಗ ಅವಳ ಫೋನಿನಲ್ಲಿ ನಲವತ್ತಕ್ಕೂ ಹೆಚ್ಚು ಫೋಟೋ, ಎಲ್ಲವೂ ಕಲ್ಲು. ಎಷ್ಟು ಮೆಟ್ಟಿಲು ಇತ್ತೇ ಅಂತ ಕೇಳಿದೆ. "ಎಣಿಸಿಲ್ಲ ಅಕ್ಕ, ಯಾರು ಎಣಿಸ್ತಾರೆ?"

ಯಾರಾದರೂ ಎಣಿಸಬೇಕು ಅಂತ ಕಾನೂನೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕರು ಬರುವ ಹಳೇ ಕಟ್ಟಡಗಳನ್ನೂ ಎಲ್ಲರೂ ಬಳಸುವ ಹಾಗೆ ಮಾಡೋಕೆ ಐದು ವರ್ಷದ ಗಡುವು ಕೊಟ್ಟಿತ್ತು. ನಿಯಮಗಳು ಬಂದಿದ್ದು 2017ರ ಜೂನ್‌ನಲ್ಲಿ, ಅಂದ್ರೆ ಗಡುವು 2022ಕ್ಕೇ ಮುಗಿದಿದೆ. ಹಾಗಂತ ತೊಟ್ಟಿಮನೆಗೆ ಲಿಫ್ಟ್ ಕೂರಿಸಿ, ಕವಿಶೈಲಕ್ಕೆ ರೋಪ್‌ವೇ ಹಾಕಿ ಅಂತ ನಾನು ಕೇಳಲ್ಲ. ಆ ಮರದ ಮೆಟ್ಟಿಲು ಕಿತ್ತರೆ ಮನೆಯೇ ಹೋಯ್ತು. ಇಂಥ ಯಾವುದೇ ಹಳೇ ಮನೆಯಲ್ಲಿ ಕಟ್ಟಡ ಮುಟ್ಟದೆ ಮಾಡಬಹುದಾದ್ದು ಬೇಕಾದಷ್ಟಿದೆ. ಮೇಲಿನ ಅಂತಸ್ತಿನಲ್ಲಿ ಏನಿದೆ ಅನ್ನೋದನ್ನು ಕೆಳಗೆ ಕೂತು ನೋಡುವಂತೆ ಚಿತ್ರದಲ್ಲಿ ತೋರಿಸಬಹುದು. ಮೆಟ್ಟಿಲಿನ ಸಂಖ್ಯೆ, ಗಾಡಿ ಹೋಗೋ ದಾರಿ, ಕೂರೋ ಜಾಗ ಎಲ್ಲಿ ಅಂತ ಬಾಗಿಲಲ್ಲೇ ಬರೆದು ಹಾಕಬಹುದು. ನನ್ನ ಅಮ್ಮನ ವಯಸ್ಸಿನವರು, ಮಂಡಿ ಆಪರೇಷನ್ ಮಾಡಿಸಿಕೊಂಡ ಕನ್ನಡ ಮೇಷ್ಟ್ರುಗಳು, ಇವರೇ ಅಲ್ವಾ ಕುವೆಂಪು ಓದಿ ಅಲ್ಲಿಗೆ ಹೋಗೋಕೆ ಆಸೆ ಪಡೋರು? ಅವರು ಬಸ್ಸಿನಲ್ಲೇ ಕೂತಿದ್ದು ವಾಪಸ್ ಬರೋದನ್ನು ಎಷ್ಟು ಪ್ರವಾಸಗಳಲ್ಲಿ ನೋಡಿದೀವಿ.

ಬೋರ್ಡು ಬರೋ ತನಕ ಕಾಯಬೇಕಿಲ್ಲ, ಬರೆಯೋರು ನಾವೇ ಇದೀವಲ್ಲ. ಮುಂದೆ ಕುಪ್ಪಳ್ಳಿ ಬಗ್ಗೆ ಬರೆಯೋರು ಮಡಿಲು, ಮೌನ ಎಲ್ಲ ಬರೆದ ಮೇಲೆ ಒಂದೆರಡು ಸಾಲು ಕಾಲಿಗೂ ಇಡಿ. ನನ್ನ ಕಡೆಯಿಂದ ಇಷ್ಟು: ಕೆಳಗಿನ ಅಂತಸ್ತು ನೋಡೋಕೆ ಮಹಡಿ ಹತ್ತಬೇಕಿಲ್ಲ, ಆದರೆ ಹೊಸ್ತಿಲುಗಳಿವೆ, ಕೋಲು ಇರೋರು ನೋಡಿಕೊಂಡು ದಾಟಿ. ಉಪ್ಪರಿಗೆ ಹತ್ತಿ ಇಳಿಯೋಕೆ ಒಂದು ಕೋಲಿನಲ್ಲಿ ನನಗೆ ಅರ್ಧ ಗಂಟೆ ಹಿಡೀತು, ಅದರಲ್ಲಿ ಹೆಚ್ಚಿನ ಪಾಲು ಇಳಿಯೋಕೆ. ಮಳೆಗಾಲದಲ್ಲಿ ಪಾಚಿ ಇರುತ್ತೆ, ಹೋಗಬೇಡಿ. ಕವಿಶೈಲದ ಮೆಟ್ಟಿಲಿನ ಲೆಕ್ಕ ಜನವರಿಯಲ್ಲಿ ಕೊಡ್ತೀನಿ.